ಚಂದ್ರಕಲಾಬಾಯಿಯವರ ಎರಡು ಬೆರಳು

ಹೊಡೆದ ಚೆಂಡು ಎಲ್ಲಿಗೆ ಹೋಯಿತು ಎಂದು ಚಂದ್ರಕಲಾಬಾಯಿಯವರು ನೋಡುತ್ತಿರಲಿಲ್ಲ. ಗಾಲ್ಫ್ ಕಲಿಸುವವರಲ್ಲಿ ಇದು ವಿಚಿತ್ರವೇ. ಹೊಡೆದವರು, ಪಕ್ಕದಲ್ಲಿ ನಿಂತವರು, ಚಹಾ ತಂದವನು, ಎಲ್ಲರೂ ಕತ್ತೆತ್ತಿ ಮೈದಾನದ ಕಡೆ ನೋಡುತ್ತಿರುವಾಗ ಅವರು ಮೈದಾನಕ್ಕೆ ಬೆನ್ನು ಮಾಡಿ ಹೊಡೆದವರ ಮುಖ ನೋಡುತ್ತ ನಿಂತಿರುತ್ತಿದ್ದರು. ಚೆಂಡು ದೂರದ ಹಳದಿ ಬಾವುಟ ದಾಟಿ ಬಿದ್ದರೂ "ಊಂಹೂಂ, ಬರಲಿಲ್ಲ" ಎನ್ನುವರು. ಪಕ್ಕದ ಬಲೆಗೆ ಬಡಿದು ತೊಪ್ಪನೆ ಬಿದ್ದ ಚೆಂಡಿಗೆ ಒಮ್ಮೊಮ್ಮೆ "ಈಗ ನೋಡು, ಸ್ವಲ್ಪ ಬಂತು" ಎನ್ನುವರು. ಬರುವುದು ಎಂದರೆ ಏನು ಎಂದು ಕೇಳಿದರೆ "ಬಂದಾಗ ನೀನ ನನಗ ಹೇಳ್ತಿ" ಎಂದು ಮುಂದಿನ ಚಾಪೆಯ ಕಡೆ ನಡೆದುಬಿಡುವರು.

ಅವರ ಪಾಠವೆಲ್ಲ ಬಲಗೈಯ ಎರಡು ಬೆರಳಿನಲ್ಲಿತ್ತು. ನಾವು ಕೋಲು ಎತ್ತಿ ನಿಂತಾಗ ಅವರು ಹಿಂದೆ ಬಂದು, ಕೋಲಿನ ತುದಿಯ ಕಬ್ಬಿಣದ ತಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ, ಹಪ್ಪಳ ಹಿಡಿದ ಹಾಗೆ ಹಿಡಿದುಕೊಳ್ಳುತ್ತಿದ್ದರು. ಆ ಬೆರಳುಗಳಿಗೆ ಈಗ ಮುಟ್ಟಿದ್ದು ತಿಳಿಯುವುದಿಲ್ಲ. ಹಾಗಾದದ್ದು ಯಾರ ತಪ್ಪಿನಿಂದ ಎಂಬುದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ. ಕಂಡದ್ದನ್ನು ಅವರ ಎದುರಿಗೇ ಹೇಳಬೇಕಾಯಿತು. ಆ ದಿನದ ಬಗ್ಗೆ ಬರೆಯಲು ಕುಳಿತಿದ್ದೇನೆ. ಆದರೆ ಅದಕ್ಕೆ ಮೊದಲು ಅವರು ಹೇಗಿದ್ದರು ಎಂದು ಹೇಳದಿದ್ದರೆ ಬರೀ ಅಪಘಾತದ ಸುದ್ದಿಯಾಗುತ್ತದೆ.

ನಾನು ಮೈಸೂರಿನವಳು. ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಕಟ್ಟಡಗಳ ನಕ್ಷೆ ಮಾಡುವ ಕಚೇರಿಯೊಂದರಲ್ಲಿ ಕೆಲಸ. ನಮ್ಮ ಬಾಸ್‌ಗೆ ಗಾಲ್ಫ್ ಹುಚ್ಚು. ಅವರ ಗಿರಾಕಿಗಳಿಗೂ ಅದೇ. ಒಪ್ಪಂದದ ಮಾತೆಲ್ಲ ಹುಲ್ಲಿನ ಮೇಲೆ ನಡೆಯುತ್ತದೆ, ನೀನೂ ಒಂದಿಷ್ಟು ಕಲಿತುಕೋ ಎಂದು ಅವರೇ ನನ್ನನ್ನು ಕುಷಾಯಿಗೂಡದ ಆಚೆಯ ಅಭ್ಯಾಸದ ಮೈದಾನಕ್ಕೆ ಕಳಿಸಿದ್ದು. ಮೂರು ಕಡೆ ಎತ್ತರದ ಬಲೆ, ಒಂದು ಕಡೆ ತಗಡಿನ ಮಾಡು, ಅದರ ಕೆಳಗೆ ಸಾಲಾಗಿ ಹಾಸಿದ ಹಸಿರು ಚಾಪೆಗಳು. ಒಬ್ಬೊಬ್ಬರು ಒಂದೊಂದು ಚಾಪೆಯ ಮೇಲೆ ನಿಂತು ಬುಟ್ಟಿಯ ಚೆಂಡುಗಳನ್ನು ಮೈದಾನಕ್ಕೆ ಹೊಡೆಯುತ್ತಿರುತ್ತಾರೆ.

ಮೊದಲ ದಿನ ನಾನು ಮಾಡಿನ ಕಂಬಕ್ಕೆ ಒರಗಿ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅರವತ್ತು ದಾಟಿದ, ಎತ್ತರದ ಹೆಂಗಸೊಬ್ಬರು ಎದುರಿಗೆ ಬಂದು ನಿಂತು, ನಾನು ಫೋನು ಇಡುವವರೆಗೂ ಕಾದರು. ನೂಲಿನ ಸೀರೆ, ಅದರ ಮೇಲೆ ಗಂಡಸರ ಪೂರ್ತಿ ತೋಳಿನ ಬಿಳಿ ಶರ್ಟು, ಕ್ಯಾನ್ವಾಸ್ ಬೂಟು.

"ಯಾವೂರಾಕಿ ನೀ?"

"ಮೈಸೂರು."

"ಅದಕ್ಕ ಇಷ್ಟ್ ಮೆತ್ತಗ ಮಾತಾಡಾಕತ್ತಿದ್ದಿ. ಕ್ವಾಲೂ ಹಂಗ ಮೆತ್ತಗ ಹಿಡೀ ಮತ್ತ. ಬಾ."

"ಮೇಡಂ, ಕೋಚ್ ಎಲ್ಲಿದ್ದಾರೆ?"

"ಕೋಚ್ ಮುಂದ ಹೊಂಟಾಳ, ನೀ ಹಿಂದ ಬರಾಕತ್ತಿ. ಮೇಡಂ ಗೀಡಂ ಅನಬ್ಯಾಡ. ಊರ ಮಂದಿ ಬಾಯಿಂದ ಅಕ್ಕಾ ಅನಿಸ್ಕೊಂಡು ಭಾಳ ವರ್ಷ ಆತು."

ಅಂದಿನಿಂದ ನಾನು ಅವರಿಗೆ ತಂಗಿ, ಅವರು ನನಗೆ ಅಕ್ಕ.

ಅಕ್ಕ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವರು. ಓದಲು ಹೈದರಾಬಾದಿಗೆ ಬಂದು, ಕಾಲೇಜಿನಲ್ಲಿ ಚಕ್ರ ಎಸೆದು ಹೆಸರು ಮಾಡಿ, ಕುಷಾಯಿಗೂಡದ ಶಾಲೆಯೊಂದರಲ್ಲಿ ಆಟದ ಟೀಚರಾಗಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಗಾಲ್ಫಿಗೆ ಅವರು ಬಂದ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕಿತ್ತು. ಶಾಲೆಯ ಹುಡುಗಿಯರನ್ನು ಮೈದಾನ ತೋರಿಸಲು ಕರೆತಂದಿದ್ದರಂತೆ. ಯಾರೋ ಒಬ್ಬರು ಹೊಡೆಯುವುದನ್ನು ನೋಡಿದರಂತೆ. "ನಾ ಅಂದೆ, ಇದೇನ್ ಹೊಸಾದು? ನಾವ್ ಸಣ್ಣಾಕಿ ಇದ್ದಾಗ ಜ್ವಾಳದ ಹೊಲದಾಗ ಹಕ್ಕಿ ಹೊಡಿಯಾಕ ಕವಣಿ ಬೀಸ್ತಿದ್ವಿ. ಕೈ ಮುಂದ ಹೋಗ್ತಿತ್ತು, ಕಲ್ಲು ಹಿಂದ ಇರ್ತಿತ್ತು. ಇಲ್ಲೂ ಅದ ಐತಿ. ಕೊಡಪಾ ಆ ಕ್ವಾಲು ಅಂತ ಇಸ್ಕೊಂಡೆ. ಮೊದಲ್ನೇ ಚೆಂಡು ಬಲಿ ದಾಟಿ ಹೋತಂತ."

"ಹೋಯಿತಂತೆ ಅಂದ್ರೆ? ನೀವು ನೋಡಲಿಲ್ವಾ?"

"ನಾ ಯಾಕ ನೋಡ್ಲಿ? ಕೈಗೆ ಗೊತ್ತಾಗಿತ್ತಲ್ಲ."

ಜಂಬದ ಮಾತೇ. ಜಂಬಕ್ಕೆ ಅವರಲ್ಲಿ ಕೊರತೆ ಇರಲಿಲ್ಲ. ಮೈದಾನದ ಯಜಮಾನರು ಒಮ್ಮೆ, ಬೇರೆ ಕೋಚುಗಳ ಹಾಗೆ ಟೀ ಶರ್ಟು, ಪ್ಯಾಂಟು ಹಾಕಿಕೊಂಡು ಬನ್ನಿ, ದೊಡ್ಡ ದೊಡ್ಡ ಜನ ಬರುತ್ತಾರೆ ಎಂದು ನಯವಾಗಿ ಹೇಳಿ ನೋಡಿದರು. ಅಕ್ಕ ಅವರಿಗೆ ತೆಲುಗಿನಲ್ಲಿ ಏನೋ ಉತ್ತರ ಕೊಟ್ಟು ಕಳಿಸಿ, ನನ್ನ ಕಡೆ ತಿರುಗಿ, "ಚೆಂಡು ನನ್ನ ಅರಬಿ ನೋಡಿ ಹಾರ್ತದೇನು ತಂಗಿ?" ಎಂದರು. ಆಮೇಲೆ ಯಜಮಾನರು ಆ ವಿಷಯ ಎತ್ತಲಿಲ್ಲ. ಬೇರೆ ಕೋಚುಗಳ ಚಾಪೆ ಖಾಲಿ ಇದ್ದಾಗಲೂ ಅಕ್ಕನ ಚಾಪೆಯ ಹಿಂದೆ ಜನ ಕಾದು ಕುಳಿತಿರುತ್ತಿದ್ದರು.

ಗಾಲ್ಫ್ ಗೊತ್ತಿಲ್ಲದವರಿಗಾಗಿ ಒಂದು ಮಾತು. ಕೋಲನ್ನು ಹಿಂದಕ್ಕೆ ಎತ್ತಿ, ಬೀಸಿ, ಕಾಲ ಮುಂದಿನ ಚೆಂಡಿಗೆ ಹೊಡೆಯಬೇಕು. ಹೊಸಬರೆಲ್ಲ ಜೋರಾಗಿ ಹೊಡೆಯುವ ಆತುರದಲ್ಲಿ ಕಬ್ಬಿಣದ ತಲೆಯನ್ನೇ ಮೊದಲು ಚೆಂಡಿನ ಕಡೆ ಎಸೆಯುತ್ತಾರೆ. ಮಣಿಕಟ್ಟು ಬೇಗ ಬಿಚ್ಚಿಕೊಂಡು, ಇದ್ದ ಶಕ್ತಿಯೆಲ್ಲ ಚೆಂಡು ತಲುಪುವ ಮೊದಲೇ ಗಾಳಿಯಲ್ಲಿ ಮುಗಿದುಹೋಗುತ್ತದೆ. ಬಲ್ಲವರು ಹೊಡೆಯುವಾಗ ಮೊದಲು ಸೊಂಟ ತಿರುಗುತ್ತದೆ, ಆಮೇಲೆ ಭುಜ, ಆಮೇಲೆ ಕೈ. ಕಬ್ಬಿಣದ ತಲೆ ಎಲ್ಲಕ್ಕಿಂತ ಹಿಂದೆ ಉಳಿದು, ಕೊನೆಯ ಗಳಿಗೆಯಲ್ಲಿ ಹಾರಿ ಬರುತ್ತದೆ. ಆಟದವರು ಇದಕ್ಕೆ ಲ್ಯಾಗ್ ಎನ್ನುತ್ತಾರೆ. ಅಕ್ಕ "ತಲಿ ಹಿಂದ ಉಳಿಬೇಕು" ಎನ್ನುತ್ತಿದ್ದರು. ಬೇಕೆಂದು ಉಳಿಸಿಕೊಳ್ಳಲು ಹೋದರೆ ಕೈ ಬಿಗಿಯಾಗಿ ಅದು ಉಳಿಯುವುದಿಲ್ಲ. ತಲೆಯ ಭಾರ ಎಲ್ಲಿದೆ ಎಂದು ಕೈಗೆ ತಿಳಿದರೆ ತಾನಾಗಿ ಉಳಿಯುತ್ತದೆ. ಆದ್ದರಿಂದ ಅವರು ಮೊದಲು ಕೈಗೆ ತಿಳಿಸುತ್ತಿದ್ದರು.

ಅದಕ್ಕಾಗಿ ಅವರು ಮಾಡಿಸದ ಕೆಲಸವಿಲ್ಲ. ಒಂದು ಸಂಜೆ ಬಕೆಟ್ಟಿನಲ್ಲಿ ಟವೆಲುಗಳನ್ನು ನೆನೆಸಿ ತಂದು, ಎಲ್ಲರ ಕೈಗೂ ಒಂದೊಂದು ಕೊಟ್ಟು, ಬಂಡೆಗೆ ಬಟ್ಟೆ ಒಗೆದ ಹಾಗೆ ಚಾಪೆಗೆ ಒಗೆಯಿರಿ ಎಂದರು. ಒಬ್ಬ ಹೃದಯದ ಡಾಕ್ಟರು, ಒಬ್ಬ ಸಿಮೆಂಟ್ ವ್ಯಾಪಾರಿ, ನಾನು, ಇನ್ನೂ ಕೆಲವರು ಸಾಲಾಗಿ ನಿಂತು ಒಗೆದೆವು. "ನೋಡ್ರಿ, ಕೈ ಮೊದಲು ಇಳೀತದ, ಅರಬಿ ಆಮ್ಯಾಲೆ ಬಂದು ಬಡೀತದ. ನೀ ವಾಶಿಂಗ್ ಮಿಷನ್ ಮಂದಿ ತಂಗಿ, ನಿನಗ ತಡಾ ಆಕ್ಕೈತಿ" ಎಂದು ನನಗೆ ಬೇರೆ ಒಂದು ಮಾತು. ಚಾಪೆಗಳೆಲ್ಲ ಒದ್ದೆಯಾದವೆಂದು ಯಜಮಾನರು ಓಡಿ ಬಂದರೆ, ಅವರ ಕೈಗೂ ಟವೆಲು ಕೊಟ್ಟರು.

ಆದರೆ ಮುಖ್ಯ ಪಾಠ ಕಣ್ಣು ಮುಚ್ಚಿಸುವುದು. ಚೆಂಡು ಇಡುತ್ತಿರಲಿಲ್ಲ. ನಾವು ಕಣ್ಣು ಮುಚ್ಚಿ ಕೋಲು ಎತ್ತಬೇಕು, ಅವರು ಹಿಂದಿನಿಂದ ತಲೆಯನ್ನು ಎರಡು ಬೆರಳಲ್ಲಿ ಹಿಡಿಯುವರು. "ತಲಿ ಎಲ್ಲೈತಿ ಹೇಳು" ಎನ್ನುವರು. ಬೆರಳಿಗೆ ತಾಗುವ ನಡುಕದಿಂದ ನಮ್ಮ ಅಂಗೈ ಎಷ್ಟು ಬಿಗಿಯಾಗಿದೆ ಎಂಬುದು ಅವರಿಗೆ ತಿಳಿಯುತ್ತಿತ್ತು. ಒಂದು ದಿನ ನನಗೆ, "ಮನ್ಯಾಗೋ ಆಫೀಸ್‌ನ್ಯಾಗೋ ಯಾರ ಜೊತಿಗೋ ಜಗಳಾಡಿ ಬಂದಿ. ಹೋಗು, ಚಾ ಕುಡದು ಬಾ" ಎಂದು ಕಳಿಸಿದ್ದರು. ಜಗಳ ಆಗಿದ್ದು ನಿಜ. ಕೈ ಸಡಿಲವಾಯಿತು ಎನಿಸಿದಾಗ "ಹೊಡಿ" ಎನ್ನುವರು. ನಮ್ಮ ಸೊಂಟ, ಭುಜ, ಕೈ ಇಳಿಯುತ್ತ ಬಂದರೂ ತಲೆ ಅವರ ಬೆರಳಲ್ಲೇ ಇರುತ್ತಿತ್ತು. ಇನ್ನೇನು ಸಾಧ್ಯವಿಲ್ಲ ಎನ್ನುವಾಗ ಬಿಡುವರು. ಬಿಟ್ಟ ತಲೆ ನಮ್ಮ ಕಾಲ ಮುಂದಿನಿಂದ ಸುಂಯ್ ಎಂದು ಹಾದುಹೋಗುವುದು.

ಈ ಪಾಠಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಬೀಸಿ ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡೇ ನಿಂತಿರಬೇಕು. ಅವರು "ತೆಗಿ" ಎಂದ ಮೇಲೆ ಕಣ್ಣು ತೆರೆದು, ಕೋಲನ್ನು ಚಾಪೆಯ ಮೇಲೆ ಮಲಗಿಸಬೇಕು. ಕೋಲು ಮಲಗಿದ ಮೇಲೆಯೇ ಅವರು ನಮ್ಮ ಮುಂದಕ್ಕೆ ಬರುತ್ತಿದ್ದುದು. ತೆಲುಗಿನವರು, ಹಿಂದಿಯವರು, ಯಾರಿಗಾದರೂ ಅದೇ ಕನ್ನಡದ ಮಾತು. ಒಮ್ಮೆ ನಾನು ಅವರು ಹೇಳುವ ಮೊದಲೇ ಕಣ್ಣು ಬಿಟ್ಟಿದ್ದಕ್ಕೆ, "ಕೈಯಾಗ ಕಬ್ಬಿಣ ಐತಿ. ನಾ ಅನ್ನೂತನಕ ನೀ ಕಂಬ. ಕಂಬಕ್ಕ ಕಣ್ಣಿರ್ತಾವೇನು?" ಎಂದು ಎಲ್ಲರ ಮುಂದೆ ಬೈದಿದ್ದರು.

ಇನ್ನೊಂದು ಮಾತನ್ನೂ ಅವರು ಪದೇಪದೇ ಹೇಳುತ್ತಿದ್ದರು. "ಇದು ಬಂದ್ರ ನಿಲ್ಲೂದಲ್ಲ. ಕೈಯಾಗ ಬಂದದ್ದು ಮಾತಾಡೂದ್ರಾಗ ಹೋಗಿಬಿಡ್ತದ. ಬಂದ ಕೂಡ್ಲೆ ಇನ್ನೊಮ್ಮಿ ಹೊಡೀಬೇಕು." ಇದನ್ನು ನಾವೆಲ್ಲ ಅನುಭವದಿಂದ ಬಲ್ಲೆವು. ಒಮ್ಮೆ ಸರಿಯಾಗಿ ಬೀಸಿದ ಮೇಲೆ ನೀರು ಕುಡಿದು ಬರುವಷ್ಟರಲ್ಲಿ ಆ ಭಾರ ಕೈಯಿಂದ ಹೋಗಿಬಿಟ್ಟಿರುತ್ತಿತ್ತು.

ಸುಧಾಕರ್ ನನ್ನ ಪಕ್ಕದ ಚಾಪೆಯವರು. ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ತೆಲುಗಿನವರು, ನಲವತ್ತರ ಹತ್ತಿರದ ವಯಸ್ಸು. ರಕ್ತದ ಒತ್ತಡಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಬಂದವರು, ಬಂದ ಮೇಲೆ ಒತ್ತಡ ಇನ್ನಷ್ಟು ಏರಿಸಿಕೊಂಡಿದ್ದರು. ಮೊಬೈಲಿನಲ್ಲಿ ದೊಡ್ಡ ಆಟಗಾರರ ಹೊಡೆತಗಳನ್ನು ನಿಧಾನಗತಿಯಲ್ಲಿ ನೋಡಿ, ನಿಲ್ಲಿಸಿ, ಕೋಲಿಗೂ ಕೈಗೂ ನಡುವಿನ ಕೋನ ಎಷ್ಟು ಎಂದು ಬೆರಳಿಟ್ಟು ಅಳೆಯುವರು. ನಿಂತರೆ ಮೈಯೆಲ್ಲ ಬಿಗಿ. ಅಕ್ಕನಿಗೂ ಅವರಿಗೂ ಹೈದರಾಬಾದಿನ ಹಿಂದಿಯಲ್ಲಿ ದಿನವೂ ಚಕಮಕಿ.

"ಮೇಡಂ, ಯಾಂಗಲ್ ಕಿತ್ನಾ ಹೋನಾ?"

"ಯಾಂಗಲ್ ಕಾಲೇಜ್ ಮೆ ರಖ್ ಕೆ ಆಓ, ಸರ್. ಯಹಾಂ ಹಾತ್ ಲೇಕೆ ಆಓ."

ಕೋನವನ್ನು ಕಾಲೇಜಿನಲ್ಲಿಟ್ಟು ಕೈ ಮಾತ್ರ ತೆಗೆದುಕೊಂಡು ಬನ್ನಿ ಎಂದರೆ ಸುಧಾಕರ್ ನಕ್ಕು, ಮತ್ತೆ ಅದನ್ನೇ ಕೇಳುವರು. ಎಷ್ಟೋ ತಿಂಗಳು ಹೀಗೆ ನಡೆಯಿತು. ಅಕ್ಕ ಬೇರೆ ಯಾರನ್ನಾದರೂ ಇಷ್ಟರಲ್ಲಿ ಕೈಬಿಡುತ್ತಿದ್ದರು. ಇವರನ್ನು ಬಿಡಲಿಲ್ಲ. "ಇಂವಗ ಬಂತಂದ್ರ ನಾ ಕಲಿಸೂದು ಸುಳ್ಳಲ್ಲ ಅಂತಾತು. ಉಳದವರಿಗೆ ಹೆಂಗೂ ಬರ್ತದ" ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದರು.

ಆ ಸಂಜೆ ಮಳೆ ಬಂದು ನಿಂತಿತ್ತು. ತಗಡಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹೆಚ್ಚು ಜನರಿರಲಿಲ್ಲ. ನಾನು ನನ್ನ ಚಾಪೆಯ ಮೇಲೆ ಸುಮ್ಮನೆ ನಿಂತಿದ್ದೆ, ಸುಧಾಕರರ ಸರದಿ ಮುಗಿದ ಮೇಲೆ ನನ್ನದು.

ಸುಧಾಕರ್ ಕಣ್ಣು ಮುಚ್ಚಿ ಕೋಲು ಎತ್ತಿದರು. ಅಕ್ಕ ತಲೆ ಹಿಡಿದರು. ಸೊಂಟ ತಿರುಗಿತು. ಭುಜ ತಿರುಗಿತು. ಕೈ ಇಳಿಯಿತು. ಅಕ್ಕ ಬಿಟ್ಟರು. ಆ ಚಾಪೆಯಿಂದ ನಾನು ಎಂದೂ ಕೇಳಿರದ ಸದ್ದು ಬಂತು. ಚೆಂಡು ಇರಬೇಕಾದ ಜಾಗವನ್ನು ದಾಟಿದ ಮೇಲೆ ಬಂತು. ಶಕ್ತಿ ಮೊದಲೇ ಮುಗಿದುಹೋಗದಿದ್ದರೆ ಬೀಸುವ ಸದ್ದು ಅಲ್ಲಿಯೇ ಬರಬೇಕು. ಸುಧಾಕರ್ ಕೋಲನ್ನು ಎಡ ಭುಜದ ಮೇಲೆ ಹೊತ್ತು, ಕಣ್ಣು ಮುಚ್ಚಿಕೊಂಡೇ, ಮುಖವೆಲ್ಲ ಅರಳಿಸಿ ನಿಂತಿದ್ದರು. ಅಕ್ಕ ನಕ್ಕರು. ಅವರು "ತೆಗಿ" ಎನ್ನಲಿಲ್ಲ. ನೇರವಾಗಿ ಮುಂದಕ್ಕೆ ಬಂದು, ಬುಟ್ಟಿಗೆ ಕೈ ಹಾಕಿ ಚೆಂಡು ತೆಗೆದು, ಬಾಗಿ ಚಾಪೆಯ ಮೇಲೆ ಇಡಲು ಹೋದರು. ಅದೇ ಹೊತ್ತಿಗೆ ಸುಧಾಕರ್ ಕಣ್ಣು ತೆರೆಯದೆ ಕೋಲನ್ನು ಮತ್ತೆ ಹಿಂದಕ್ಕೆ ಎತ್ತಿದರು. ಬಂದದ್ದು ಕೈಯಿಂದ ಹೋಗುವ ಮೊದಲು ಇನ್ನೊಮ್ಮೆ ಹೊಡೆಯಬೇಕು ಎಂದು ಅಕ್ಕನಿಗೂ ಅನಿಸಿತ್ತು, ಸುಧಾಕರರಿಗೂ ಅನಿಸಿತ್ತು.

ಕೋಲು ಮೇಲೆ ಹೋಗಿ ಒಂದು ಕ್ಷಣ ನಿಂತದ್ದನ್ನು ನೋಡಿದೆ. ನನ್ನ ಬಾಯಿ ತೆರೆಯಿತು, ಧ್ವನಿ ಬರಲಿಲ್ಲ. ಕೋಲು ಇಳಿಯಿತು.

ಅಕ್ಕನ ಬಲಗೈಗೆ, ಮೊಣಕೈಗಿಂತ ಮೇಲೆ ಬಿತ್ತು. ಒಂದು ಗೇಣು ಈಚೆ ಅವರ ಕಿವಿ ಇತ್ತು. ಚೆಂಡು ಬೆರಳಿನಿಂದ ಜಾರಿ ಮೆಲ್ಲಗೆ ಉರುಳಿ ಮೈದಾನಕ್ಕೆ ಇಳಿಯಿತು. ಅಕ್ಕ ಕೂಗಲಿಲ್ಲ. ಚಾಪೆಯ ಮೇಲೆ ಕುಳಿತುಕೊಂಡು, ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿ, ಪಕ್ಕಕ್ಕೆ ವಾಲಿದರು. ಸುಧಾಕರ್ ಆಗ ಕಣ್ಣು ತೆರೆದರು.

ಆಮೇಲಿನದೆಲ್ಲ ನನಗೆ ಸರಿಯಾಗಿ ನೆನಪಿದೆ, ಆದರೆ ಬೇರೆ ಯಾರೋ ಹೇಳಿದ್ದನ್ನು ಕೇಳಿದ ಹಾಗೆ ನೆನಪಿದೆ. ಮೈದಾನದ ಯಜಮಾನರ ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಅವರ ಶರ್ಟಿನ ತೋಳನ್ನು ಆಸ್ಪತ್ರೆಯಲ್ಲಿ ಕತ್ತರಿಸಿದರು. ಮೂಳೆಗೆ ಪಟ್ಟಿ ಹಾಕಿ ಜೋಡಿಸಿದರು. ನರಕ್ಕೆ ಪೆಟ್ಟಾಗಿದೆ, ಸ್ಪರ್ಶ ಬರಬಹುದು, ಬಾರದೆಯೂ ಇರಬಹುದು ಎಂದರು. ನನಗೆ ಅಳು ಬರಲಿಲ್ಲ. ಮನೆಗೆ ಬಂದು ಅನ್ನ ಮಾಡಿಕೊಂಡು ಉಂಡೆ. ಮರುದಿನ ಕಚೇರಿಗೆ ಹೋಗಿ ಒಂದು ಅಪಾರ್ಟ್‌ಮೆಂಟಿನ ಮೆಟ್ಟಿಲುಗಳ ನಕ್ಷೆ ತಿದ್ದಿದೆ. ಕೆಲಸ ಸರಿಯಾಗಿಯೇ ಆಯಿತು. ಯಾರಾದರೂ ಹಿಂದಿನಿಂದ ಕೈ ಎತ್ತಿದರೆ ಮಾತ್ರ ಕುರ್ಚಿ ಬಿಟ್ಟು ಎದ್ದುಬಿಡುತ್ತಿದ್ದೆ.

ಈಗಲೂ ಆ ದೃಶ್ಯ ಬರುತ್ತದೆ. ಹಾಲು ಕಾಯಲಿಟ್ಟು ನಿಂತಾಗ, ಸಿಗ್ನಲ್ಲಿನಲ್ಲಿ ಆಟೋ ನಿಂತಾಗ, ಕಾರಣವಿಲ್ಲದೆ ಬರುತ್ತದೆ. ಕೋಲು ಏರುತ್ತದೆ, ನಿಲ್ಲುತ್ತದೆ. ಸೊಂಟ ತಿರುಗುತ್ತದೆ. ಅಲ್ಲಿಂದ ಮುಂದೆ ಬಹಳ ನಿಧಾನ. ಆ ಹೊತ್ತಿನಲ್ಲಿ ನನಗೆ ಭಯವಾಗಲಿ ದುಃಖವಾಗಲಿ ಆಗುವುದಿಲ್ಲ, ನೋಡುತ್ತೇನೆ ಅಷ್ಟೇ.

ಏನಾಯಿತು ಎಂದು ಮೈದಾನದ ಯಜಮಾನರು ಕೇಳಿದಾಗ ಕಂಡದ್ದನ್ನು ಕಂಡ ಹಾಗೆ ಹೇಳಿದ್ದೆ. ಅವರು ತಲೆಯಾಡಿಸಿ, "ಈಗ ಅವರಿಗೆ ಇದನ್ನು ಹೇಳುವುದು ಬೇಡಮ್ಮ, ಮೊದಲೇ ನೊಂದಿದ್ದಾರೆ" ಎಂದರು. ಅಕ್ಕ ಮನೆಗೆ ಬರುವವರೆಗೆ ಅವರನ್ನು ನೋಡಲು ಮನೆಯವರನ್ನು ಬಿಟ್ಟು ಯಾರನ್ನೂ ಬಿಡಲಿಲ್ಲ. ಅಷ್ಟರಲ್ಲಿ ಊರಿನಿಂದ ಬಂದಿದ್ದ ಅವರ ತಮ್ಮ ಶಿವರಾಜಪ್ಪನವರಿಗೆ ಅಕ್ಕ ಒಂದೇ ಮಾತು ಹೇಳುತ್ತಿದ್ದರಂತೆ: "ನಾ 'ತೆಗಿ' ಅಂದಿದ್ದೆ. ನಾ ಅನ್ನದ ಮುಂದ ಹೋಗಾಕಿ ಅಲ್ಲ." ಸುಳ್ಳು ಹೇಳುತ್ತಿರಲಿಲ್ಲ. ಸಾವಿರಾರು ಸಲ ಹೇಳಿದ ಮಾತು, ಅವರ ಕಿವಿಯಲ್ಲಿ ಆ ದಿನವೂ ಹೇಳಿದಂತೆಯೇ ಉಳಿದಿತ್ತು. ಹಾಗಾದರೆ ಹೇಳಿದ ಮೇಲೂ ಕಣ್ಣು ತೆರೆದು ನೋಡಿಕೊಂಡೇ ಬೀಸಿದ್ದಾನೆ ಎಂದು ಶಿವರಾಜಪ್ಪ ಪೊಲೀಸರಿಗೆ ದೂರು ಕೊಡಲು ಹೊರಟಿದ್ದರು. ಸುಧಾಕರ್ ಕೋಚಿಂಗ್ ಸೆಂಟರಿಗೆ ಪಾಠ ಹೇಳಲು ಹೋಗುವುದನ್ನು ಬಿಟ್ಟು ಮನೆಯಲ್ಲಿ ಕುಳಿತಿದ್ದರು. ಕೇಸಾದರೆ ಆ ಸೆಂಟರಿನವರು ಅವರನ್ನು ಮತ್ತೆ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಯಜಮಾನರು ಹೇಳಿದರು.

ಅಕ್ಕನನ್ನು ಊರಿಗೆ ಕರೆದೊಯ್ಯುವ ದಿನ ಶಿವರಾಜಪ್ಪನವರೇ ನನಗೆ ಫೋನ್ ಮಾಡಿದರು. "ಅಕ್ಕಗ ನಿಮ್ಮನ್ನ ನೋಡ್ಬೇಕಂತ್ರಿ. ಹಂಗ ಠಾಣೇಕ್ಕೂ ಹೋಗಿ ಬರೂಣು. ನೋಡಿದವ್ರು ನೀವೊಬ್ರ ಇದ್ದೀರಿ."

ಕುಷಾಯಿಗೂಡದಲ್ಲಿ ಅಕ್ಕನದು ಮೊದಲ ಮಹಡಿಯ ಎರಡು ಕೋಣೆಯ ಮನೆ. ಮಧ್ಯಾಹ್ನದ ಹೊತ್ತು. ಸಾಮಾನು ಕಟ್ಟಿ ಬಾಗಿಲ ಬಳಿ ಇಟ್ಟಿದ್ದರು. ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಬಲಗೈ ಜೋಳಿಗೆಯ ಪಟ್ಟಿಯಲ್ಲಿತ್ತು. ಶರ್ಟಿಲ್ಲದ ಬರೀ ಸೀರೆಯಲ್ಲಿ ಅವರನ್ನು ನೋಡಿದ್ದು ಅದೇ ಮೊದಲು.

"ಬಾ ತಂಗಿ. ಸೊರಗಿ ಹೋಗೀಯಲ್ಲ. ಪೆಟ್ಟು ಬಿದ್ದದ್ದು ನನಗೋ ನಿನಗೋ?"

"ಹೇಗಿದೆ ಅಕ್ಕ ಕೈ?"

"ಐತಿ. ಇಲ್ಲೇ ಐತಿ. ನನ್ನ ಜೊತಿ ಮಾತು ಬಿಟ್ಟೈತಿ." ಎಡಗೈಯಿಂದ ಬಲಗೈಯ ಬೆರಳುಗಳನ್ನು ಎತ್ತಿ, ಬಿಟ್ಟು ತೋರಿಸಿದರು. ಅವು ಬಿದ್ದವು.

ಶಿವರಾಜಪ್ಪ ನನಗೆ ಚಹಾ ತಂದುಕೊಟ್ಟು ಎದುರಿಗೆ ಕುಳಿತರು. "ಹೇಳ್ರಿ ಅಮ್ಮಾವ್ರ. ಅಕ್ಕ 'ತೆಗಿ' ಅಂದಿದ್ದು ನೀವು ಕೇಳೀರಲ್ಲ. ಅಂವ ಈಗ ಅಂದಿಲ್ಲ ಅನ್ನಾಕತ್ತಾನ."

ನಾನು ಲೋಟವನ್ನು ಕೆಳಗಿಟ್ಟೆ. ಹೇಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಆ ಹೊತ್ತಿಗೆ ಅದಾವುದೂ ಬರಲಿಲ್ಲ.

"ಅನ್ನಲಿಲ್ಲ," ಎಂದೆ. "ಅಕ್ಕ ಅನ್ನಲಿಲ್ಲ."

"ನಿಮಗ ಕೇಳಿಸಿರಲಿಕ್ಕಿಲ್ಲರಿ. ತಗಡಿನ ಮ್ಯಾಲ ಮಳಿ ಸಪ್ಪಳ ಇತ್ತಂತ."

"ಮಳೆ ನಿಂತಿತ್ತು. ನಾನು ಅವರ ಬಾಯನ್ನೇ ನೋಡ್ತಾ ಇದ್ದೆ."

ಶಿವರಾಜಪ್ಪ ಸಿಟ್ಟಿನಿಂದ ಎದ್ದು ನಿಂತರು. "ಅಕ್ಕಾ, ಈಕಿಗೆ ಅಂವ ಏನರ ಹೇಳಿ ಕಳಿಸ್ಯಾನ. ನಿನ್ನ ಜನ್ಮಾ ಪೂರ್ತಿ ತಪ್ಪದ ಮಾತು ಅವತ್ತ ಹೆಂಗ ತಪ್ಪತೈತಿ?"

"ನೀ ಸುಮ್ನಿರು," ಎಂದರು ಅಕ್ಕ. ನನ್ನ ಮುಖ ನೋಡಿದರು. ಮೈದಾನಕ್ಕೆ ಬೆನ್ನು ಮಾಡಿ ನೋಡುತ್ತಿದ್ದ ಹಾಗೆಯೇ, ಬಹಳ ಹೊತ್ತು ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ತಪ್ಪಿಸಬೇಕು ಎಂದೂ ಅನಿಸಲಿಲ್ಲ.

"ಅಂವ ಮೊದಲ್ನೇದು ಹೊಡದಾಗ ನಾ ಏನ್ ಮಾಡಿದೆ?"

"ನಕ್ಕಿರಿ. ನಕ್ಕು ಬುಟ್ಟಿಗೆ ಕೈ ಹಾಕಿದಿರಿ."

"ನಕ್ಕಿದ್ನೇನು." ಕೆಳಗೆ ಯಾರೋ ಕುಕ್ಕರಿನ ರಿಪೇರಿಯವನನ್ನು ಕೂಗಿ ಕರೆಯುತ್ತಿದ್ದರು. "ಹೋಗಿಬಿಡ್ತದಂತ ಗಡಿಬಿಡಿ ಮಾಡಿದೆ ಹಂಗಾದ್ರ. ಅಷ್ಟ್ ಮಂದಿಗೆ ಕಲಿಸೀನಿ. ಯಾರಿಗೂ ಹಂಗ ಮಾಡಿಲ್ಲ. ಇವಂಗ ಮಾಡಿದ್ನೇನು."

ಅಕ್ಕ ತಮ್ಮನ ಕಡೆ ತಿರುಗಿದರು.

"ಶಿವು, ಠಾಣೇಕ್ಕ ಹೋಗೂದೇನೂ ಬ್ಯಾಡ."

"ಮತ್ತ ಕೈ? ನಾಳಿ ಇದು ಹಿಂಗ ಉಳೀತಂದ್ರ?"

"ಉಳೀತಂದ್ರ ನಂದು. ನಾ ಅನ್ನೂತನಕ ಅಂವ ಕಂಬ ಅಂತ ನಾನ ಹೇಳಿದ್ದು. ಕಂಬದ ಮ್ಯಾಲ ಕೇಸ್ ಹಾಕ್ತೀಯೇನು?"

"ಕಂಬ ನಿಂತಿರಬೇಕಲ್ಲ? ಅಂವ ಯಾಕ ಅಳ್ಳಾಡಿದಾ?"

"ಬಂದಿತ್ತಲ್ಲೋ, ಅದಕ್ಕ," ಎಂದರು ಅಕ್ಕ, ಇಷ್ಟು ಸರಳವಾದದ್ದು ತಿಳಿಯುವುದಿಲ್ಲವೇ ಎಂಬ ಧ್ವನಿಯಲ್ಲಿ. ಶಿವರಾಜಪ್ಪ ಬಾಗಿಲ ಕಡೆ ಹೋಗಿ ನಿಂತರು.

ಅಕ್ಕ ನನ್ನನ್ನು ಮಂಚದ ಮೇಲೆ ಕೂರಿಸಿಕೊಂಡರು. ಧ್ವನಿ ಇಳಿಸಿ ಕೇಳಿದರು. "ತಂಗಿ, ಮೊದಲ್ನೇದು ನಾ ಹಿಡದು ಬಿಟ್ಟಿದ್ದು. ಅದು ನಂದ ಅನ್ನು. ಎರಡನೇದು ಅಂವ ತಾನ ಹೊಡದದ್ದು. ನಾ ಕೆಳಗ ಬಾಗಿದ್ದೆ, ನೋಡಿಲ್ಲ. ಅವಾಗ ತಲಿ ಹಿಂದ ಉಳದಿತ್ತೇನು?"

ಎಷ್ಟೋ ಜನ ನನ್ನನ್ನು ಎಷ್ಟೋ ಪ್ರಶ್ನೆ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ನನ್ನ ಕಣ್ಣಿಗೆ ದಿನವೂ ಕಾಣುತ್ತಿದ್ದುದು ಇದೊಂದೇ. ಸೊಂಟ ತಿರುಗಿದ್ದು, ಭುಜ ತಿರುಗಿದ್ದು, ಕೈ ಎದೆಯ ಕೆಳಗೆ ಇಳಿದು ಬಂದರೂ ಕಬ್ಬಿಣ ಇನ್ನೂ ಅವರ ಬೆನ್ನ ಹಿಂದೆಯೇ, ಆಕಾಶದ ಕಡೆ ಮುಖ ಮಾಡಿ ನಿಂತದ್ದು.

"ಉಳಿದಿತ್ತು ಅಕ್ಕ."

"ಸರಿ ನೋಡಿದಿ?"

"ನೋಡಿದೆ. ಕೈ ಮೊದಲು ಬಂತು. ತಲೆ ಆಮೇಲೆ ಬಂತು."

ಅಕ್ಕ ಕಣ್ಣು ಮುಚ್ಚಿ ತಲೆಯನ್ನು ಗೋಡೆಗೆ ಒರಗಿಸಿದರು. ಆಮೇಲೆ, "ಹಚ್ಚು ಅಂವಗ ಫೋನ್," ಎಂದರು.

ಸುಧಾಕರ್ ಎತ್ತಿದರು. ಅಕ್ಕ ಮಾತಾಡುತ್ತಾರೆ ಎಂದು ಹೇಳಿ ಫೋನನ್ನು ಅವರ ಕಿವಿಗೆ ಹಿಡಿದೆ. "ಸುಧಾಕರ್ ಸರ್," ಎಂದರು ಅಕ್ಕ. "ದೂಸರಾ ಭೀ ಸಹೀ ಥಾ. ಸುನೇ? ಮೈ ನೈ ಪಕಡೀ ಥೀ, ಫಿರ್ ಭೀ ಸಹೀ ಥಾ. ಗಲ್ತೀ ಮೇರೀ. ಖೇಲ್ನಾ ನಕ್ಕೋ ಛೋಡೋ." ಎರಡನೆಯದೂ ಸರಿಯಾಗಿತ್ತು, ತಪ್ಪು ನನ್ನದು, ಆಡುವುದನ್ನು ಬಿಡಬೇಡಿ. ಆ ಕಡೆಯಿಂದ ಫ್ಯಾನು ತಿರುಗುವ ಸದ್ದು ಮಾತ್ರ ನನಗೂ ಕೇಳಿಸಿತು. ಅಕ್ಕ ಸ್ವಲ್ಪ ಹೊತ್ತು ಕಾದು, ಸಾಕು ಎಂದು ಕಣ್ಣಿನಲ್ಲೇ ಹೇಳಿದರು. ನಾನು ಫೋನ್ ಇಟ್ಟೆ.

ಕೆಳಗೆ ಕಾರು ಬಂದು ನಿಂತಿತು. ಶಿವರಾಜಪ್ಪ ಸಾಮಾನು ಹೊತ್ತು ಮುಂದೆ ಇಳಿದರು. ಮೆಟ್ಟಿಲು ಕಡಿದಾಗಿತ್ತು. ಎಡಗೈಯಲ್ಲಿ ಅಕ್ಕ ಮೆಟ್ಟಿಲ ಕಂಬಿ ಹಿಡಿದರು. ಬಲಗಡೆ ನಾನು, ಪಟ್ಟಿಯಿಂದ ಹೊರಗೆ ಬಂದಿದ್ದ ಅವರ ಕೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ. ಬೆಚ್ಚಗಿತ್ತು. ಅವರು ಮೆಟ್ಟಿಲುಗಳನ್ನೇ ನೋಡುತ್ತ, ಒಂದೊಂದಾಗಿ ಇಳಿಯುತ್ತ, ಅರ್ಧ ದಾರಿಯಲ್ಲಿ ನಿಂತರು.

"ತಂಗಿ, ಹಿಡದೀಯೇನು?"

"ಹಿಡಿದಿದ್ದೇನೆ ಅಕ್ಕ," ಎಂದೆ.